ನಗರಸಭೆಯ ಮುಂದೆ ಮೂರು ನಿಮಿಷ

ನಗರಸಭೆಯ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಅವಕಾಶವಿರುವ ಕಡೆಗಳಲ್ಲಿ ಒಬ್ಬರಿಗೆ ಸಿಗುವ ಸಮಯ ಸಾಮಾನ್ಯವಾಗಿ ಎರಡು ಅಥವಾ ಮೂರು ನಿಮಿಷ. ಮೊದಲೇ ಹೆಸರು ಬರೆಸಬೇಕು, ಸರದಿ ಬರುವವರೆಗೆ ಕಾಯಬೇಕು, ಕರೆದಾಗ ಎದ್ದುಹೋಗಿ ಮೈಕಿನ ಮುಂದೆ ನಿಲ್ಲಬೇಕು, ಹಸಿರು ದೀಪ ಹಳದಿಗೆ ತಿರುಗಿ ಹಳದಿ ಕೆಂಪಾಗುವುದರೊಳಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಬೇಕು. ಎದುರಿಗೆ ಕುಳಿತ ಸದಸ್ಯರು ಹೆಚ್ಚಿನ ಸಲ ಏನೂ ಉತ್ತರಿಸುವುದಿಲ್ಲ. ಅಧ್ಯಕ್ಷರು ‘ಧನ್ಯವಾದ’ ಎಂದು ಮುಂದಿನವರ ಹೆಸರು ಕರೆಯುತ್ತಾರೆ. ಮೊದಲ ಸಲ ಮಾತನಾಡಿದವರಲ್ಲಿ ಅನೇಕರು ಇದೆಲ್ಲ ಬರೀ ಕಾಟಾಚಾರವೆಂದುಕೊಂಡೇ ಹೊರಗೆ ಬರುತ್ತಾರೆ, ಎರಡನೆಯ ಸಲ ಹೋಗುವುದಿಲ್ಲ. ಹಲವು ವರ್ಷಗಳಿಂದ ಇಂಥ ಸಭೆಗಳ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತ, ಆಗಾಗ ಮಾತನಾಡುತ್ತ ಬಂದಿರುವ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಆ ಮೂರು ನಿಮಿಷಗಳನ್ನು ಸದಸ್ಯರ ಮನಸ್ಸನ್ನು ಅಲ್ಲಿಯೇ ತಿರುಗಿಸುವ ಭಾಷಣವೆಂದು ಭಾವಿಸಿ ಬಂದವರು ನಿರಾಶರಾಗುತ್ತಾರೆ; ತಾವು ಕಂಡದ್ದನ್ನು ಕಡತಕ್ಕೆ ಸೇರಿಸುವ ಸಾಕ್ಷ್ಯವೆಂದು ತಿಳಿದು ಬಂದವರ ಮಾತಿಗೆ ಮಾತ್ರ ಸಭೆ ಮುಗಿದ ಮೇಲೂ ಆಯುಷ್ಯವಿರುತ್ತದೆ.

ಈ ಅವಕಾಶ ಎಲ್ಲ ಕಡೆಯೂ ಇದೆಯೆಂದು, ಅದು ಎಂದಿನಿಂದಲೂ ಇತ್ತೆಂದು ತಿಳಿಯಬಾರದು. ಬ್ರಿಟನ್ನಿನಲ್ಲಿ 1908ರ ಕಾಯಿದೆಯೊಂದು ಸ್ಥಳೀಯ ಸಂಸ್ಥೆಗಳ ಸಭೆಗೆ ಪತ್ರಕರ್ತರನ್ನು ಬಿಡಬೇಕೆಂದು ಹೇಳಿತ್ತು. ಆದರೆ ಇಡೀ ಮಂಡಳಿ ತನ್ನನ್ನೇ ಸಮಿತಿಯೆಂದು ಕರೆದುಕೊಂಡು ಬಾಗಿಲು ಹಾಕಿಕೊಳ್ಳುವ ದಾರಿ ಅದರಲ್ಲಿ ತೆರೆದೇ ಇತ್ತು. ಆ ದಾರಿಯನ್ನು ಮುಚ್ಚಿ, ಸಾಮಾನ್ಯ ಜನರಿಗೂ ಸಭೆಯೊಳಗೆ ಬರುವ ಹಕ್ಕು ಕೊಟ್ಟದ್ದು 1960ರ ಕಾಯಿದೆ. ಅದನ್ನು ಖಾಸಗಿ ಸದಸ್ಯರ ಮಸೂದೆಯಾಗಿ ಮಂಡಿಸಿದವರು ಆಗಷ್ಟೇ ಸಂಸತ್ತಿಗೆ ಆಯ್ಕೆಯಾಗಿದ್ದ ಮಾರ್ಗರೆಟ್ ಥ್ಯಾಚರ್. ಅವರ ಸಂಸದೀಯ ಜೀವನದ ಮೊದಲ ಭಾಷಣವೇ ಈ ಮಸೂದೆಯ ಮೇಲಿನದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕೆಲವು ವರ್ಷ ಮೊದಲೇ, 1952ರಲ್ಲಿ, ಸ್ಥಳೀಯ ಸಂಸ್ಥೆಗಳು ಗುಟ್ಟಾಗಿ ಸಭೆ ಸೇರಿ ತೀರ್ಮಾನಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದನ್ನು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಲೇಖನಮಾಲೆಯಲ್ಲಿ ಬಯಲಿಗೆಳೆದಿತ್ತು. ಮರುವರ್ಷ, 1953ರಲ್ಲಿ, ಶಾಸಕ ರಾಲ್ಫ್ ಬ್ರೌನ್ ಅವರ ಹೆಸರಿನಿಂದ ಇಂದಿಗೂ ಕರೆಯಲಾಗುವ ಬ್ರೌನ್ ಕಾಯಿದೆ ಬಂದಿತು. ರಾಜ್ಯದ ಜನ ತಮಗೆ ಸೇವೆ ಸಲ್ಲಿಸುವ ಸಂಸ್ಥೆಗಳಿಗೆ ತಮ್ಮ ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿಲ್ಲ ಎಂಬ ಘೋಷಣೆ ಆ ಕಾಯಿದೆಯಲ್ಲಿದೆ. ಒಳಗೆ ಬಂದು ಕುಳಿತುಕೊಳ್ಳುವ ಹಕ್ಕು 1953ರಲ್ಲೇ ಬಂದರೂ, ಪ್ರತಿಯೊಂದು ಸಾಮಾನ್ಯ ಸಭೆಯಲ್ಲಿ ಜನರಿಗೆ ಮಾತನಾಡಲು ಸಮಯ ಕೊಡಲೇಬೇಕೆಂಬ ವಿಧಿ ಅದಕ್ಕೆ ಸೇರಿದ್ದು 1986ರಲ್ಲಿ.

ಕೇಳುವ ಹಕ್ಕಿಗೂ ಹೇಳುವ ಹಕ್ಕಿಗೂ ನಡುವೆ ಇರುವ ಈ ಅಂತರವನ್ನು ಗಮನಿಸಬೇಕು. ಬ್ರಿಟನ್ನಿನ 1960ರ ಕಾಯಿದೆ ಕೊಟ್ಟದ್ದು ಸಭಾಂಗಣದೊಳಗೆ ಬರುವ ಹಕ್ಕನ್ನು ಮಾತ್ರ. ಅಲ್ಲಿ ಪ್ರಶ್ನೆ ಕೇಳುವ ಅವಕಾಶವಿದ್ದರೆ ಅದು ಆಯಾ ಮಂಡಳಿ ತನ್ನ ನಿಯಮಾವಳಿಯಲ್ಲಿ ತಾನಾಗಿ ಕೊಟ್ಟದ್ದು. ಅಮೆರಿಕದ ಸುಪ್ರೀಂ ಕೋರ್ಟ್ 1984ರ ತೀರ್ಪೊಂದರಲ್ಲಿ, ನೀತಿ ರೂಪಿಸುವವರು ಜನರ ಮಾತನ್ನು ಕೇಳಲೇಬೇಕು ಅಥವಾ ಉತ್ತರಿಸಲೇಬೇಕು ಎಂಬ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲವೆಂದು ಹೇಳಿತು. ಹಾಗಾಗಿ ಅಲ್ಲಿಯೂ ಮೈಕಿನ ಮುಂದಿನ ಮೂರು ನಿಮಿಷ ಉಳಿದಿರುವುದು ರಾಜ್ಯಗಳ ಕಾಯಿದೆ ಮತ್ತು ನಗರಗಳ ರೂಢಿಯ ಬಲದಿಂದ. ಸ್ಥಳೀಯ ಆಡಳಿತದಲ್ಲಿ ಇದಕ್ಕಿಂತ ಬೇರೆಯದೇ ಆದ ವ್ಯವಸ್ಥೆಗಳೂ ಇವೆ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಇಂದಿಗೂ ನಡೆಯುವ ಪೌರಸಭೆಯಲ್ಲಿ ಊರಿನ ಮತದಾರರೇ ಸೇರಿ ಚರ್ಚಿಸಿ ಬಜೆಟ್ಟಿಗೆ ಮತ ಹಾಕುತ್ತಾರೆ. ಅಲ್ಲಿನ ವರ್ಮಾಂಟ್ ರಾಜ್ಯದಲ್ಲಿ ಅದಕ್ಕೆ ಮಾರ್ಚ್ ತಿಂಗಳ ಮೊದಲ ಮಂಗಳವಾರ ನಿಗದಿಯಾಗಿದೆ. ನಮ್ಮ ಸಂವಿಧಾನದ 73ನೆಯ ತಿದ್ದುಪಡಿಯ ಗ್ರಾಮಸಭೆಯಲ್ಲಿಯೂ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸದಸ್ಯರೇ. ನಗರಸಭೆ ಹಾಗಲ್ಲ. ಅಲ್ಲಿ ಸದಸ್ಯರು ಚುನಾಯಿತರು, ಉಳಿದ ನಾವೆಲ್ಲ ಸಂದರ್ಶಕರು. ನಮಗೆ ಮತವಿಲ್ಲ, ಸೂಚನೆ ಮಂಡಿಸುವ ಅಧಿಕಾರವಿಲ್ಲ. ಮತವಿಲ್ಲದವರ ಕೈಯಲ್ಲಿ ಉಳಿಯುವುದು ತಿಳಿದದ್ದನ್ನು ತಿಳಿಸುವ ಕೆಲಸ, ಮತ್ತು ಆ ಕೆಲಸವನ್ನು ಹಗುರವಾಗಿ ಕಾಣಬಾರದೆಂಬುದು ನನ್ನ ಅಭಿಪ್ರಾಯ.

ಸದಸ್ಯರ ಮೌನದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಜನರನ್ನು ಅತಿ ಹೆಚ್ಚು ನೋಯಿಸುವುದು ಅದೇ. ಮನೆಯ ಮುಂದಿನ ಚರಂಡಿಯ ಬಗ್ಗೆ ಗದ್ಗದಿತರಾಗಿ ಮಾತನಾಡಿದವರ ಕಡೆ ಸದಸ್ಯರು ಕಲ್ಲಿನಂತೆ ನೋಡುತ್ತ ಕುಳಿತಿದ್ದರೆ ಯಾರಿಗಾದರೂ ಅವಮಾನವಾದಂತೆ ಅನಿಸುತ್ತದೆ. ಆದರೆ ಆ ಮೌನದ ಹಿಂದೆ ಅನೇಕ ಸಲ ಒಂದು ನಿಯಮವಿರುತ್ತದೆ. ಬ್ರೌನ್ ಕಾಯಿದೆಯನ್ನೇ ನೋಡಿ: ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮೊದಲು ಪ್ರಕಟಿಸಬೇಕು, ಅದರಲ್ಲಿಲ್ಲದ ವಿಷಯದ ಮೇಲೆ ಸದಸ್ಯರು ಚರ್ಚೆ ನಡೆಸುವಂತಿಲ್ಲ, ತೀರ್ಮಾನ ಕೈಗೊಳ್ಳುವಂತೆಯೂ ಇಲ್ಲ. ಜನ ಎತ್ತಿದ ಮಾತಿಗೆ ಚುಟುಕಾಗಿ ಪ್ರತಿಕ್ರಿಯಿಸಬಹುದು, ಸ್ಪಷ್ಟನೆ ಕೇಳಬಹುದು, ಅಧಿಕಾರಿಗಳಿಗೆ ಪರಿಶೀಲಿಸಿ ವರದಿ ಕೊಡಿ ಎನ್ನಬಹುದು, ಅಷ್ಟೇ. ಇದು ಜನರ ರಕ್ಷಣೆಗೆಂದೇ ಮಾಡಿದ ನಿಯಮ. ಇಲ್ಲವಾದರೆ ಯಾರೋ ಒಬ್ಬರು ಬಂದು ಮೂರು ನಿಮಿಷ ಮಾತನಾಡಿದರೆಂಬ ನೆಪದಲ್ಲಿ, ಅದರಿಂದ ಬಾಧಿತರಾಗುವ ಉಳಿದವರಿಗೆ ಸುಳಿವೇ ಇಲ್ಲದಂತೆ, ಅದೇ ರಾತ್ರಿ ಠರಾವು ಪಾಸಾಗಿಬಿಡಬಹುದು. ಅಧ್ಯಕ್ಷರು ಈ ಕಾರಣವನ್ನು ಸಭೆಯ ಆರಂಭದಲ್ಲಿ ಎರಡು ವಾಕ್ಯಗಳಲ್ಲಿ ಹೇಳಿದರೆ ಎಷ್ಟೋ ಮಂದಿ ನೊಂದುಕೊಳ್ಳದೆ ಮನೆಗೆ ಹೋದಾರು. ಹೇಳುವವರು ಕಡಿಮೆ, ಮತ್ತು ಅದು ನಿಜವಾಗಿಯೂ ಅವರ ಲೋಪ.

ಇದರಿಂದ ಕಲಿಯಬೇಕಾದ ಪಾಠ ಕಾರ್ಯಸೂಚಿಗೆ ಸಂಬಂಧಿಸಿದ್ದು. ಸಾರ್ವಜನಿಕರ ಮಾತಿಗೆ ಸಾಮಾನ್ಯವಾಗಿ ಎರಡು ಹೊತ್ತು ಇರುತ್ತದೆ: ಯಾವ ವಿಷಯವನ್ನಾದರೂ ಎತ್ತಬಹುದಾದ ಸಾಮಾನ್ಯ ಅವಧಿ ಒಂದು, ಕಾರ್ಯಸೂಚಿಯ ನಿರ್ದಿಷ್ಟ ವಿಷಯ ಬಂದಾಗ ಅದರ ಮೇಲೆ ಮಾತ್ರ ಮಾತನಾಡುವ ಅವಧಿ ಇನ್ನೊಂದು. ಮೊದಲನೆಯದರಲ್ಲಿ ಎತ್ತಿದ ಮಾತಿಗೆ ಆ ರಾತ್ರಿ ಫಲವಿಲ್ಲ. ಎರಡನೆಯದರಲ್ಲಿ ಆಡಿದ ಮಾತು, ಸದಸ್ಯರು ಕೈ ಎತ್ತುವುದಕ್ಕೆ ಕೆಲವೇ ನಿಮಿಷ ಮೊದಲು ಅವರ ಕಿವಿಗೆ ಬೀಳುತ್ತದೆ. ಕಾರ್ಯಸೂಚಿಯ ಜೊತೆಗೆ ಅಧಿಕಾರಿಗಳ ಟಿಪ್ಪಣಿಗಳು, ಅಂದಾಜು ಪಟ್ಟಿಗಳು, ನಕ್ಷೆಗಳು, ಕರಡು ನಿರ್ಣಯಗಳು ಸೇರಿ ಒಂದು ದಪ್ಪ ಕಡತವಿರುತ್ತದೆ. ಈಗ ಬಹುತೇಕ ಕಡೆ ಅದು ಜಾಲತಾಣದಲ್ಲಿಯೇ ಸಿಗುತ್ತದೆ. ಸಭೆಗೆ ಬರುವವರಲ್ಲಿ ಅದನ್ನು ಓದಿ ಬರುವವರು ವಿರಳ, ಓದಿ ಬಂದವರ ಮಾತಿನ ತೂಕವೇ ಬೇರೆ. ‘ಟಿಪ್ಪಣಿಯ ಇಂಥ ಪುಟದಲ್ಲಿ ಹೀಗೆ ಹೇಳಿದೆ, ಆದರೆ ನಾನು ದಿನವೂ ಕಾಣುವುದು ಹೀಗೆ’ ಎಂದು ಒಬ್ಬರು ಶುರುಮಾಡಿದ ಕೂಡಲೇ ಸದಸ್ಯರು ಕಾಗದ ತಿರುವಿ ಆ ಪುಟ ಹುಡುಕುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ಕಡತದೊಳಗೆ ಎಲ್ಲರ ಕಣ್ಣು ತಪ್ಪಿಸಿಕೊಳ್ಳುವ ಒಂದು ಭಾಗವಿರುತ್ತದೆ. ವಿವಾದವಿಲ್ಲದ ವಿಷಯಗಳೆಂದು ಅಧಿಕಾರಿಗಳು ಗುರುತಿಸಿದವನ್ನೆಲ್ಲ ಒಟ್ಟುಗೂಡಿಸಿ, ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಅಂಗೀಕರಿಸುವ ಪಟ್ಟಿ ಅದು. ಹಿಂದಿನ ಸಭೆಯ ನಡಾವಳಿ, ಬಿಲ್ಲುಗಳ ಪಾವತಿ, ಗುತ್ತಿಗೆಗಳ ನವೀಕರಣ, ರಸ್ತೆ ಡಾಂಬರೀಕರಣದ ಟೆಂಡರು ಎಲ್ಲವೂ ಅದರಲ್ಲಿ ಬರಬಹುದು. ಓದಲು ಬೇಸರ ತರಿಸುವಂಥ ಪಟ್ಟಿ, ನಿಜ. ಆದರೆ ನಗರದ ಹಣದಲ್ಲಿ ದೊಡ್ಡ ಪಾಲು ಈ ಬೇಸರದ ಸಾಲುಗಳ ನಡುವಿನಿಂದಲೇ ಹರಿದುಹೋಗುತ್ತದೆ. ಯಾವುದೇ ಒಂದು ವಿಷಯವನ್ನು ಪಟ್ಟಿಯಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಚರ್ಚಿಸುವಂತೆ ಒಬ್ಬ ಸದಸ್ಯ ಕೇಳಿದರೂ ಸಾಕು, ಅದು ಚರ್ಚೆಗೆ ಬರುತ್ತದೆ. ಹಾಗೆ ಕೇಳಿಕೊಳ್ಳುವಂತೆ ಸಭೆಗೆ ಎರಡು ದಿನ ಮೊದಲು ಒಬ್ಬ ಸದಸ್ಯರಿಗೆ ಪತ್ರ ಬರೆಯುವುದು ನಾಗರಿಕರಿಂದ ಆಗುವ ಕೆಲಸ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಅಗಲವಾದ ರಸ್ತೆಗೆ ಹೊಸದಾಗಿ ಡಾಂಬರು ಹಾಕುವ, ಜೊತೆಗೆ ಅದರ ಸಿಗ್ನಲ್ಲುಗಳನ್ನು ಬದಲಾಯಿಸುವ ಗುತ್ತಿಗೆ ಆ ದಿನ ಸಭೆಯ ಮುಂದಿತ್ತು. ಮೊದಲು ಮಾತನಾಡಿದವರೆಲ್ಲ ನಗರದ ರಸ್ತೆಗಳ ದುಃಸ್ಥಿತಿ, ಅಧಿಕಾರಿಗಳ ನಿರ್ಲಕ್ಷ್ಯ, ಕಟ್ಟಿದ ತೆರಿಗೆ ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆ, ಇವುಗಳ ಸುತ್ತಲೇ ಮಾತನಾಡಿದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಸಿಟ್ಟಿಗೆ ಕಾರಣವೂ ಇತ್ತು. ಆದರೆ ಒಬ್ಬ ಸದಸ್ಯ ಮನಸ್ಸು ಮಾಡಿದರೂ ಆ ಮಾತುಗಳಿಂದ ಎತ್ತಿಕೊಂಡು ಗುತ್ತಿಗೆಯ ಕರಾರಿಗೆ ಸೇರಿಸಬಹುದಾದ ಒಂದು ಅಂಶವೂ ಅವುಗಳಲ್ಲಿ ಇರಲಿಲ್ಲ. ಆಮೇಲೆ ಮಧ್ಯವಯಸ್ಸಿನ ಒಬ್ಬ ಮಹಿಳೆ ಎದ್ದು ಬಂದರು. ಅವರ ತಾಯಿ ವಾಕರ್ ಹಿಡಿದು ನಡೆಯುವವರು, ವಾರಕ್ಕೊಮ್ಮೆ ಆ ರಸ್ತೆ ದಾಟಿ ಆಸ್ಪತ್ರೆಗೆ ಹೋಗಬೇಕು. ಸಿಗ್ನಲ್ಲಿನ ಎಣಿಕೆ ಸೊನ್ನೆಗೆ ಬಂದಾಗ ತಾಯಿ ಇನ್ನೂ ಕೊನೆಯ ಲೇನಿನಲ್ಲಿರುತ್ತಾರೆ, ನಿಂತಿದ್ದ ವಾಹನಗಳು ಹಾರ್ನ್ ಹಾಕತೊಡಗುತ್ತವೆ, ಗಾಬರಿಯಲ್ಲಿ ವಾಕರಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟನ್ನು ಹೇಳಿ ಅವರು ಒಂದು ಚೀಟಿ ತೆಗೆದರು. ದಾಟಬೇಕಾದ ಅಗಲ 60 ಅಡಿ, ತಾಯಿಗೆ ಬೇಕಾಗುವುದು 24 ಸೆಕೆಂಡು, ಸಿಗ್ನಲ್ಲು ಕೊಡುತ್ತಿರುವುದು 17. ಗುತ್ತಿಗೆಯಲ್ಲಿ ಹೊಸ ಸಿಗ್ನಲ್ಲಿಗೂ ಅದೇ 17 ಸೆಕೆಂಡು ಬರೆದಿದೆ, ಬದಲಾಯಿಸಲು ಸಾಧ್ಯವೇ ಎಂದು ಕೇಳಿ, ಕೆಂಪು ದೀಪ ಬರುವ ಮುನ್ನವೇ ಹೋಗಿ ಕುಳಿತರು.

ಆ 17 ಎಂಬ ಅಂಕಿಯನ್ನು ಯಾರೂ ನಿರ್ಲಕ್ಷ್ಯದಿಂದ ಬರೆದಿರಲಿಲ್ಲ. ಪಾದಚಾರಿ ಸೆಕೆಂಡಿಗೆ ಇಂತಿಷ್ಟು ದೂರ ನಡೆಯುತ್ತಾನೆಂದು ಇಟ್ಟುಕೊಂಡು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಮೆರಿಕದ ಸಂಚಾರ ಸಂಕೇತಗಳ ರಾಷ್ಟ್ರೀಯ ಕೈಪಿಡಿಯಲ್ಲಿ ಈ ವೇಗ ಬಹುಕಾಲ ಸೆಕೆಂಡಿಗೆ 4 ಅಡಿ ಎಂದಿತ್ತು. ವಯಸ್ಸಾದವರನ್ನು ಗಮನದಲ್ಲಿಟ್ಟುಕೊಂಡು 2009ರ ಆವೃತ್ತಿಯಲ್ಲಿ ಅದನ್ನು 3.5 ಅಡಿಗೆ ಇಳಿಸಿದರು. 60 ಅಡಿಯನ್ನು 3.5ರಿಂದ ಭಾಗಿಸಿದರೆ ಸುಮಾರು 17 ಸೆಕೆಂಡು ಬರುತ್ತದೆ. ವಾಕರ್ ಹಿಡಿದ ಆ ತಾಯಿಯ ವೇಗ 2.5 ಅಡಿ. ಕೈಪಿಡಿಯ ಪ್ರಕಾರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಮೂಲೆಯಲ್ಲಿ ಆಸ್ಪತ್ರೆಯಿದೆ, ಅಲ್ಲಿ ದಾಟುವವರಲ್ಲಿ ನಿಧಾನವಾಗಿ ನಡೆಯುವವರೇ ಹೆಚ್ಚು ಎಂಬ ಸಂಗತಿ ಕೈಪಿಡಿಗೆ ಗೊತ್ತಿರಲು ಸಾಧ್ಯವಿಲ್ಲ. ಒಬ್ಬ ಸದಸ್ಯರು ಎಂಜಿನಿಯರನ್ನು ಮುಂದೆ ಕರೆದು ಕೇಳಿದರು. ನಿಧಾನವಾಗಿ ನಡೆಯುವವರು ಹೆಚ್ಚಾಗಿರುವ ಕಡೆ ಸಮಯ ಹೆಚ್ಚಿಸಲು ಅವಕಾಶವಿದೆ, ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಸಿಗ್ನಲ್ಲಿನ ಸೆಟ್ಟಿಂಗ್ ಬದಲಿಸಿದರೆ ಸಾಕು ಎಂದು ಅವರು ಉತ್ತರಿಸಿದರು. ಸಮಯವನ್ನು ಮರುಪರಿಶೀಲಿಸಬೇಕೆಂಬ ಒಂದು ಸಾಲನ್ನು ಸೇರಿಸಿ ಗುತ್ತಿಗೆಗೆ ಅಂಗೀಕಾರ ಸಿಕ್ಕಿತು. ಆ ಮಹಿಳೆಗಿಂತ ಚೆನ್ನಾಗಿ ಮಾತನಾಡಿದವರು ಆ ಸಂಜೆ ಹಲವರಿದ್ದರು. ಆಕೆ ತಂದದ್ದು ಮಾತ್ರ ಆ ಸಭಾಂಗಣದಲ್ಲಿ ಬೇರೆ ಯಾರ ಬಳಿಯೂ ಇರದಿದ್ದ ಒಂದು ತಿಳಿವಳಿಕೆ, ಮತ್ತು ಅದಕ್ಕೆ ತಕ್ಕ ಒಂದೇ ಒಂದು ಬೇಡಿಕೆ.

ನಾಗರಿಕರ ಮಾತು ಸಾಕ್ಷ್ಯವೆಂದು ನಾನು ಹೇಳುವುದಕ್ಕೆ ಕಾನೂನಿನ ಕಾರಣವೂ ಇದೆ. ಭೂಬಳಕೆ, ಕಟ್ಟಡ ಪರವಾನಗಿ, ವಲಯ ಬದಲಾವಣೆಯಂಥ ವಿಷಯಗಳಲ್ಲಿ ನಗರಸಭೆ ವಿಚಾರಣೆ ನಡೆಸಿ ತೀರ್ಮಾನಿಸುವಾಗ ಅದು ಅರ್ಧ ನ್ಯಾಯಾಲಯದಂತೆ ಕೆಲಸ ಮಾಡುತ್ತದೆ: ತೀರ್ಮಾನಕ್ಕೆ ಆಧಾರ ದಾಖಲೆಯೊಳಗೆ ಇರಬೇಕು. ಮುಂದೆ ಯಾರಾದರೂ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರೆ ನ್ಯಾಯಾಧೀಶರು ಸಾಮಾನ್ಯವಾಗಿ ಹೊಸ ಪುರಾವೆ ಕೇಳುವುದಿಲ್ಲ, ಆ ದಾಖಲೆಯನ್ನೇ ತೆರೆದು ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ವಿಚಾರಣೆಗಳ ನೋಟಿಸಿನಲ್ಲಿಯೇ ಒಂದು ಎಚ್ಚರಿಕೆ ಅಚ್ಚಾಗಿರುತ್ತದೆ. ಈ ತೀರ್ಮಾನವನ್ನು ನೀವು ಮುಂದೆ ನ್ಯಾಯಾಲಯದಲ್ಲಿ ಪ್ರಶ್ನಿಸುವುದಾದರೆ, ವಿಚಾರಣೆಯಲ್ಲಿ ನೀವಾಗಲಿ ಬೇರೆ ಯಾರೇ ಆಗಲಿ ಎತ್ತಿದ ಅಥವಾ ಅದಕ್ಕೂ ಮುನ್ನ ಲಿಖಿತವಾಗಿ ಸಲ್ಲಿಸಿದ ಅಂಶಗಳಿಗೆ ಮಾತ್ರ ಸೀಮಿತರಾಗಬೇಕಾದೀತು ಎಂಬುದು ಅದರ ಸಾರ. ‘ಬೇರೆ ಯಾರೇ ಆಗಲಿ’ ಎಂಬ ಭಾಗವನ್ನು ಓದಿದಾಗಲೆಲ್ಲ ಅದರ ಹೊಣೆಗಾರಿಕೆ ನನಗೆ ತಟ್ಟುತ್ತದೆ. ಮಳೆನೀರು ಯಾವ ಕಡೆ ಹರಿಯುತ್ತದೆಂದು ಬಲ್ಲ ಒಬ್ಬ ನಿವಾಸಿ ಆ ಸಂಜೆ ಎದ್ದು ನಿಂತು ಹೇಳಿದ್ದರೆ, ಮುಂದೊಂದು ದಿನ ಅವರನ್ನು ಕಂಡೂ ಅರಿಯದ ನೆರೆಯವರಿಗೆ ಆ ಮಾತೇ ಆಸರೆಯಾಗಬಹುದು. ಹೇಳದಿದ್ದರೆ, ಸತ್ಯವೆಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಪ್ರವೇಶವಿಲ್ಲದೆ ಹೋಗಬಹುದು.

ಹಾಗಾದರೆ ಆ ಸಂಜೆ ಎದ್ದು ನಿಲ್ಲುವವರು ಯಾರು? ಈ ಪ್ರಶ್ನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದೆ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಊರುಗಳಲ್ಲಿ ನಡೆದ, ಎಲ್ಲಿ ಏನು ಕಟ್ಟಬಹುದೆಂದು ನಿರ್ಧರಿಸುವ ಯೋಜನೆ ಮತ್ತು ವಲಯ ಮಂಡಳಿಗಳ ಸಭೆಗಳ ನಡಾವಳಿಗಳನ್ನು ತೆಗೆದು, ಮಾತನಾಡಿದವರ ಹೆಸರನ್ನು ಮತದಾರರ ಪಟ್ಟಿಯೊಂದಿಗೆ ಹೋಲಿಸಿ ನೋಡಿದರು. ಊರಿನ ಒಟ್ಟು ಮತದಾರರಿಗೆ ಹೋಲಿಸಿದರೆ ಮಾತನಾಡಿದವರಲ್ಲಿ ವಯಸ್ಸಾದವರು, ಗಂಡಸರು, ಬಹುಕಾಲದಿಂದ ಅಲ್ಲೇ ನೆಲೆಸಿರುವವರು, ಸ್ವಂತ ಮನೆಯುಳ್ಳವರು ಹೆಚ್ಚಾಗಿದ್ದರು, ಮತ್ತು ಅವರಲ್ಲಿ ಬಹುಮತದವರು ಹೊಸ ಮನೆಗಳ ನಿರ್ಮಾಣವನ್ನು ವಿರೋಧಿಸಿದ್ದರು. ಇದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ. ಕಟ್ಟದಿರುವ ಮನೆಯಲ್ಲಿ ಮುಂದೆ ವಾಸಿಸಬೇಕಾದ ಕುಟುಂಬಕ್ಕೆ ಆ ಸಭೆಯ ನೋಟಿಸು ತಲುಪುವುದಿಲ್ಲ, ಅದು ಇನ್ನೂ ಬೇರೆಲ್ಲೋ ಬಾಡಿಗೆಗಿದೆ. ರಾತ್ರಿ ಪಾಳಿಯವರು ಸಂಜೆ ಏಳು ಗಂಟೆಯ ಸಭೆಗೆ ಬರಲಾರರು, ಎಳೆಯ ಮಕ್ಕಳಿರುವವರು ಬಂದರೂ ತಮ್ಮ ವಿಷಯ ಹತ್ತು ಗಂಟೆಗೆ ಬರುವವರೆಗೆ ಕಾಯಲಾರರು. ಸಭಾಂಗಣ ತುಂಬಿದ್ದ ಮಾತ್ರಕ್ಕೆ ಊರೇ ಬಂದಿದೆಯೆಂದು ಸದಸ್ಯರೂ ತಿಳಿಯಬಾರದು, ಬಂದ ನಾವೂ ತಿಳಿಯಬಾರದು.

ಇಲ್ಲಿ ನನ್ನ ನಿಲುವು ಖಚಿತವಾಗಿದೆ: ಯಾರೂ ‘ಇಡೀ ಬಡಾವಣೆಯ ಪರವಾಗಿ’ ಎಂದು ಮಾತು ಆರಂಭಿಸಬಾರದು, ಬಡಾವಣೆ ಹಾಗೆಂದು ನಿರ್ಣಯಿಸಿ ಕಳುಹಿಸಿದ್ದರ ಹೊರತು. ನಾನು ಕಂಡದ್ದು ಇದು, ನನಗಾದದ್ದು ಇದು ಎಂದು ಹೇಳುವವರನ್ನು ಸದಸ್ಯರು ನಂಬಬಹುದು. ಸಾವಿರ ಜನರ ಹೆಸರಿನಲ್ಲಿ ಮಾತನಾಡುವವರ ಹಿಂದೆ ಆ ಸಾವಿರ ಜನ ಇದ್ದಾರೆಯೇ ಎಂದು ಅವರು ಒಳಗೊಳಗೇ ಲೆಕ್ಕ ಹಾಕತೊಡಗುತ್ತಾರೆ, ಹೇಳಿದ ವಿಷಯ ಹಿಂದೆ ಸರಿಯುತ್ತದೆ. ಬರಲಾಗದವರ ಪರವಾಗಿ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಅವರ ಲಿಖಿತ ಹೇಳಿಕೆಯನ್ನು ತಂದು ಸಭೆಯ ಕಾರ್ಯದರ್ಶಿಗೆ ಒಪ್ಪಿಸುವುದು. ಲಿಖಿತ ಹೇಳಿಕೆಗೂ ಕಡತದಲ್ಲಿ ಜಾಗವಿದೆ, ಅದಕ್ಕೆ ಕೆಂಪು ದೀಪವಿಲ್ಲ, ಮತ್ತು ಮೈಕಿನ ಮುಂದೆ ನಾಲಿಗೆ ಒಣಗುವವರಿಗೆ ಅದು ದೊಡ್ಡ ಅನುಕೂಲ.

2020ರಲ್ಲಿ ಕೊರೊನಾ ಕಾರಣದಿಂದ ಸಭೆಗಳು ಪರದೆಯ ಮೇಲೆ ನಡೆದಾಗ ಈ ಅಸಮತೋಲ ಸ್ವಲ್ಪ ಸರಿಹೋಗಬಹುದೆಂಬ ಆಸೆ ಹುಟ್ಟಿತ್ತು. ಅಡುಗೆ ಮಾಡುತ್ತಲೇ ಫೋನಿನಲ್ಲಿ ಸಭೆ ಕೇಳಿ ತಮ್ಮ ಸರದಿಗೆ ಮಾತನಾಡಿದವರನ್ನು, ಹಾಸಿಗೆ ಹಿಡಿದಿದ್ದರೂ ಅಂಗವಿಕಲರ ಇಳಿಜಾರು ದಾರಿಯ ಬಗ್ಗೆ ಹೇಳಿದವರನ್ನು ನಾನು ಕೇಳಿದ್ದೇನೆ. ಅವರಲ್ಲಿ ಯಾರಿಗೂ ಸಭಾಂಗಣಕ್ಕೆ ಬರಲಾಗುತ್ತಿರಲಿಲ್ಲ. ನಂತರ 2023ರಲ್ಲಿ ಹೆಸರು ಮರೆಸಿಕೊಂಡು ಕರೆ ಮಾಡಿ ದ್ವೇಷದ ಮಾತು ಸುರಿಸುವವರ ಹಾವಳಿ ಶುರುವಾಗಿ, ಕ್ಯಾಲಿಫೋರ್ನಿಯಾದ ಕೆಲವು ನಗರಗಳು ದೂರದಿಂದ ಮಾತನಾಡುವ ಸೌಲಭ್ಯವನ್ನು ನಿಲ್ಲಿಸಿದವು. ಆ ನಗರಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕೆಲವರ ದುಷ್ಟತನಕ್ಕಾಗಿ ಮನೆಯಿಂದ ಹೊರಗೆ ಬರಲಾಗದವರ ದನಿಯನ್ನು ಕಸಿದುಕೊಂಡದ್ದು ಸರಿಯೆಂದು ಒಪ್ಪಲು ನನ್ನಿಂದ ಆಗುವುದಿಲ್ಲ.

ಕಠಿಣ ಮಾತಿನ ಬಗ್ಗೆಯೂ ಹೇಳಬೇಕು. ಸಭ್ಯತೆಯ ಹೆಸರಿನಲ್ಲಿ ಟೀಕೆಯನ್ನೇ ನಿಲ್ಲಿಸುವ ಪ್ರಯತ್ನಗಳು ನಡೆಯುತ್ತಲೇ ಇರುತ್ತವೆ. ಮ್ಯಾಸಚೂಸೆಟ್ಸಿನ ಸೌತ್‌ಬರೋ ಎಂಬ ಊರು ಸಾರ್ವಜನಿಕರ ಮಾತೆಲ್ಲ ಗೌರವಯುತವಾಗಿ, ಸೌಜನ್ಯದಿಂದ ಕೂಡಿರಲೇಬೇಕೆಂದು ನಿಯಮ ಮಾಡಿತ್ತು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆ ನಿಯಮವನ್ನು ರದ್ದುಪಡಿಸಿತು: ಸಮಯದ ಮಿತಿ, ಸರದಿ, ಇತರರ ಮಾತಿಗೆ ಅಡ್ಡಿಪಡಿಸದಿರುವುದು, ಇವನ್ನು ನಿಗದಿಪಡಿಸಬಹುದು, ಸೌಜನ್ಯವನ್ನು ಕೋರಬಹುದು, ಆದರೆ ಕಾನೂನಿನ ಬಲದಿಂದ ಹೇರುವಂತಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಬ್ರೌನ್ ಕಾಯಿದೆಯೂ ನಗರಸಭೆಯ ನೀತಿ ಮತ್ತು ಕಾರ್ಯವೈಖರಿಯ ಟೀಕೆಯನ್ನು ನಿಷೇಧಿಸುವಂತಿಲ್ಲವೆಂದು ನೇರವಾಗಿ ಹೇಳುತ್ತದೆ. ಈ ರಕ್ಷಣೆ ಇರಲೇಬೇಕು. ನೀರು ಕಲುಷಿತವಾಗಿ ಮಗು ಕಾಯಿಲೆ ಬಿದ್ದ ಮನೆಯವರಿಗೆ ಧ್ವನಿ ತಗ್ಗಿಸಿ ಎನ್ನುವ ಹಕ್ಕು ಯಾವ ಅಧ್ಯಕ್ಷರಿಗೂ ಇಲ್ಲ. ಇದನ್ನು ಪೂರ್ತಿಯಾಗಿ ಒಪ್ಪಿಕೊಂಡೇ, ನಾನು ನನ್ನ ಜೊತೆಗೆ ಬರುವವರಿಗೆ ಒಂದು ಸಲಹೆ ಕೊಡುತ್ತೇನೆ: ಸಿಟ್ಟು ಇರಲಿ, ಅದು ವಿಷಯದ ಮೇಲಿರಲಿ, ಟಿಪ್ಪಣಿ ಬರೆದ ಕಿರಿಯ ಅಧಿಕಾರಿಯ ಮೇಲೆ ಬೇಡ. ಆ ಅಧಿಕಾರಿಗೆ ಮೈಕಿನ ಮುಂದೆ ಬಂದು ಉತ್ತರ ಕೊಡುವ ಸ್ವಾತಂತ್ರ್ಯವಿರುವುದಿಲ್ಲ, ಮತ್ತು ನಾಳೆ ನಾವು ಎತ್ತಿದ ಅಂಶವನ್ನು ಪರಿಶೀಲಿಸಿ ವರದಿ ಬರೆಯಬೇಕಾದವರು ಹೆಚ್ಚಿನ ಸಲ ಅವರೇ.

ಬಜೆಟ್ಟಿನ ವಿಷಯದಲ್ಲಿ ಹೊತ್ತಿನ ಮಹತ್ವ ಇನ್ನೂ ಹೆಚ್ಚು. ಅಂತಿಮ ಮತಕ್ಕೆ ಬರುವ ರಾತ್ರಿ ಸಭಾಂಗಣ ಕಿಕ್ಕಿರಿದಿರುತ್ತದೆ, ಆದರೆ ಅಷ್ಟು ಹೊತ್ತಿಗೆ ಪ್ರತಿಯೊಂದು ರೂಪಾಯಿಗೂ ಡಾಲರಿಗೂ ಒಂದು ಜಾಗ ಗೊತ್ತಾಗಿರುತ್ತದೆ. ಒಂದು ಗ್ರಂಥಾಲಯದ ವೇಳೆ ಹೆಚ್ಚಿಸಬೇಕಾದರೆ ಇನ್ನೆಲ್ಲಿಂದಲೋ ಕೀಳಬೇಕಾಗುತ್ತದೆ. ಅದಕ್ಕೂ ತಿಂಗಳುಗಟ್ಟಲೆ ಮೊದಲು ಆದ್ಯತೆಗಳ ಬಗ್ಗೆ ಕಾರ್ಯಾಗಾರ, ಸಮಿತಿ ಸಭೆ ಇರುತ್ತವೆ, ಅಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಆ ಖಾಲಿ ಕುರ್ಚಿಗಳ ನಡುವೆ ಇಬ್ಬರು ಮೂವರು ಬಂದು ಹೇಳಿದ ಮಾತು, ಕಿಕ್ಕಿರಿದ ರಾತ್ರಿಯ ಐವತ್ತು ಮಂದಿಯ ಮಾತಿಗಿಂತ ದೂರ ಹೋಗುವುದನ್ನು ನೋಡಿದ್ದೇನೆ. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಆರಂಭಿಸಿದ ಜನಸಹಭಾಗಿ ಬಜೆಟ್ಟಿನ ಜಾಣತನವಿರುವುದು ಇಲ್ಲಿಯೇ. ಅಲ್ಲಿ ಜನರನ್ನು ಕೊನೆಗೆ ಕರೆದು ಅಭಿಪ್ರಾಯ ಕೇಳಲಿಲ್ಲ. ಪ್ರದೇಶವಾರು ಸಭೆಗಳಲ್ಲಿ ಮೊದಲು ಅವರಿಂದಲೇ ಒಳಚರಂಡಿ, ರಸ್ತೆ, ಶಾಲೆಗಳ ಆದ್ಯತೆಯನ್ನು ಗೊತ್ತುಮಾಡಿಸಿ ಬಜೆಟ್ಟನ್ನು ಅದರ ಮೇಲೆ ಕಟ್ಟಿದರು. ಅಂಥ ವ್ಯವಸ್ಥೆ ಇಲ್ಲದ ನಗರಗಳಲ್ಲಿ ಬೇಗ ಹೋಗುವುದೊಂದೇ ನಮಗಿರುವ ಉಪಾಯ.

ಮಾತನಾಡಿ ಬಂದ ಮೇಲೆ ಉಳಿಯುವ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ, ಅದು ತುಂಬ ಸಣ್ಣದಾಗಿ ಕಾಣುವುದೇ ಕಾರಣವಿರಬಹುದು. ಹೇಳಿದ್ದನ್ನು ಒಂದು ಪುಟದಲ್ಲಿ ಬರೆದು ಮರುದಿನವೇ ಕಾರ್ಯದರ್ಶಿಗೂ ಸಂಬಂಧಪಟ್ಟ ಸದಸ್ಯರಿಗೂ ಕಳುಹಿಸಬೇಕು. ಅಧಿಕಾರಿಗಳು ಪರಿಶೀಲಿಸಿ ವರದಿ ಕೊಡಲಿ ಎಂದು ಸಭೆಯಲ್ಲಿ ಸೂಚನೆ ಬಂದಿದ್ದರೆ, ವರದಿ ಯಾವ ಸಭೆಗೆ ಬರುತ್ತದೆಂದು ಕೇಳಿ ತಿಳಿದುಕೊಳ್ಳಬೇಕು, ಇಲ್ಲವಾದರೆ ಅದು ಬಾರದೆಯೇ ಹೋಗುವುದುಂಟು. ಇನ್ನು ನಡಾವಳಿ. ಕೆಲವು ನಗರಗಳ ನಡಾವಳಿಯಲ್ಲಿ ಮಾತಿನ ಸಾರಾಂಶವಿರುತ್ತದೆ, ಹಲವು ಕಡೆ ಬರೀ ಹೆಸರು ಮತ್ತು ಪರವೋ ವಿರೋಧವೋ ಎಂಬುದು ಮಾತ್ರ. ಅದು ಅಂಗೀಕಾರಕ್ಕೆ ಬರುವುದು ಮುಂದಿನ ಸಭೆಯಲ್ಲಿ, ನಾನು ಮೇಲೆ ಹೇಳಿದ ಆ ಚರ್ಚೆಯಿಲ್ಲದ ಪಟ್ಟಿಯ ಮೊದಲ ಸಾಲುಗಳಲ್ಲಿಯೇ. ಸಿಗ್ನಲ್ಲಿನ ಬಗ್ಗೆ ಮಾತನಾಡಿದ್ದ ಆ ಮಹಿಳೆ ಮುಂದಿನ ಸಭೆಗೂ ಬಂದಿದ್ದರು. ಕರಡು ನಡಾವಳಿಯಲ್ಲಿ ಅವರು ರಸ್ತೆ ಕಾಮಗಾರಿಯನ್ನು ‘ವಿರೋಧಿಸಿದರು’ ಎಂದು ಬರೆಯಲಾಗಿತ್ತು. ತಾನು ಕಾಮಗಾರಿಯನ್ನು ವಿರೋಧಿಸಲಿಲ್ಲ, ದಾಟುವ ಸಮಯ ಹೆಚ್ಚಿಸಬೇಕೆಂದು ಕೇಳಿದೆ, 24 ಸೆಕೆಂಡು ಎಂಬ ಅಂಕಿಯೂ ದಾಖಲಾಗಬೇಕು ಎಂದು ಅವರು ಕೇಳಿಕೊಂಡರು. ಒಬ್ಬ ಸದಸ್ಯರು ಅದನ್ನು ತಿದ್ದುಪಡಿಯಾಗಿ ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಕಾರ್ಯದರ್ಶಿ ಬರೆದುಕೊಂಡರು, ಸಭೆ ಮುಂದಿನ ವಿಷಯಕ್ಕೆ ಹೋಯಿತು.